ಮೇಷ್ಟ್ರ ಮನೆಯ ಹಿಂದಿನ ಗೋಡೆ

ಇವತ್ತು ಬೆಳಿಗ್ಗೆ ಚಾಮರಾಜಪೇಟೆಯ ಹಳೆಯ ಮನೆಯೊಂದರಲ್ಲಿ ಬಚ್ಚಲ ಪಕ್ಕದ ಗೋಡೆಯನ್ನು ಕೀಲಿಕೈಯಿಂದ ಕೆರೆದೆ. ಸಿಮೆಂಟು ಉದುರಿ, ಒಳಗಿನ ಹಸಿ ಮಣ್ಣಿನ ವಾಸನೆ ಬಂತು. ನಿಮಗೆ ಆ ವಾಸನೆ ಹಿತವಾಗಿರಬಹುದು. ನನಗಲ್ಲ.

ನನ್ನ ಕೆಲಸವೇನೆಂದು ಹೇಳಿಬಿಡುತ್ತೇನೆ. ಯಾರಾದರೂ ಮನೆಗೆ ಭೂಕಂಪದ ವಿಮೆ ಬೇಕೆಂದರೆ, ಅದು ಕಾಂಕ್ರೀಟ್ ಕಂಬದ್ದೋ, ಇಟ್ಟಿಗೆ-ಸಿಮೆಂಟಿನದೋ, ಬರೀ ಮಣ್ಣಿನದೋ ಎಂದು ನೋಡಿ ಫಾರಂ ತುಂಬುವುದು. ಮನೆಗಳಿಗೆ ಜಾತಿ ಹಚ್ಚುವವನು ಎಂದು ಹೆಂಡತಿ ಹಂಗಿಸುತ್ತಾಳೆ. ಕಲಿಸಿದವರು ಆಫೀಸಿನ ಹಿರಿಯರೊಬ್ಬರು. ನಮಗೆಲ್ಲ ಅವರು ಮೇಷ್ಟ್ರು. "ಮುಂದಿನ ಗೋಡೆ ನಂಬ್ಬೇಡ ಕಣಯ್ಯ, ಮೇಲೆ ಥಳುಕು, ಒಳಗೆ ಹುಳುಕು. ಬಚ್ಚಲ ಹತ್ರ ಹೋಗಿ ಕೆರೆದ್ನೋಡು" ಎನ್ನುತ್ತಿದ್ದರು.

ನಿವೃತ್ತರಾದ ಮೇಲೆ ಶ್ರೀರಾಂಪುರದ ತಮ್ಮ ಮನೆಗೇ ವಿಮೆ ಕೇಳಿದರು. ನೋಡಲು ನಾನೇ ಬರಬೇಕೆಂದರು. ಅವರ ಹೆಂಡತಿ ಶಾರದಮ್ಮ ಪಕ್ಕದಲ್ಲೇ ಕೂತು ಕೋಡುಬಳೆ ತಿನ್ನಿಸಿದರು. "ಬಚ್ಚಲ ಕಡೆ ನೋಡಲ್ವೇನಯ್ಯ?" ಎಂದರು ಮೇಷ್ಟ್ರು. ಗುರುವಿಗೇ ತಿರುಮಂತ್ರವೇ? ನನಗೆ ಕೈ ಬರಲಿಲ್ಲ. "ನಿಮ್ಮನೆ ಗೋಡೆ ನಾನ್ ಕೆರೆಯೋದಾ ಮೇಷ್ಟ್ರೇ" ಎಂದು ನಕ್ಕು, ಇಟ್ಟಿಗೆ-ಸಿಮೆಂಟು ಎಂದು ಬರೆದು ಬಂದೆ. ದೊಡ್ಡ ಮರ್ಯಾದೆ ಮಾಡಿದೆನೆಂಬ ಜಂಬ ಬೇರೆ.

ಆ ಮನೆಯಲ್ಲಿ ಅವರ ಅಣ್ಣನಿಗೂ ಅರ್ಧ ಪಾಲಿತ್ತು. ಬಚ್ಚಲ ಪಕ್ಕದ ಹಿಂದಿನ ಗೋಡೆ ಬರೀ ಮಣ್ಣಿನದು, ಕೆಡವಿ ಕಟ್ಟೋಣವೆಂದು ಮೇಷ್ಟ್ರು ಅಂಗಲಾಚಿದರೂ ಅಣ್ಣ ಒಪ್ಪಿರಲಿಲ್ಲವಂತೆ. ಬೇರೆಯವರು ಬರೆದುಕೊಟ್ಟರೆ ಒಪ್ಪಿಯಾರೆಂದೇ ನನ್ನನ್ನು ಕರೆಸಿದ್ದು. ನನ್ನ ಫಾರಂ ಓದಿ ಅಣ್ಣ, "ನಿನ್ ಶಿಷ್ಯನೇ ಗಟ್ಟಿ ಇದೆ ಅಂದಿದಾನಲ್ಲೋ" ಎಂದರಂತೆ. ಫಾರಂ ತಪ್ಪೆಂದು ಹೇಳಿದರೆ ನನ್ನ ಕೆಲಸಕ್ಕೆ ಕುತ್ತು ಬಂದೀತೆಂದು ಮೇಷ್ಟ್ರು ಸುಮ್ಮನಾದರು. ಇದೆಲ್ಲ ನನಗೆ ಆಮೇಲೆ ತಿಳಿಯಿತು.

ಭೂಕಂಪ ಬರಲೇ ಇಲ್ಲ. ಎರಡು ದಿನದ ಜಡಿಮಳೆಯೇ ಸಾಕಾಯಿತು. ಗೋಡೆ ಕುಸಿದಾಗ ಶಾರದಮ್ಮ ಮಧ್ಯಾಹ್ನದ ಊಟ ಮುಗಿಸಿ ಅದರ ಪಕ್ಕ ಮಲಗಿದ್ದರು. ಮತ್ತೆ ಏಳಲಿಲ್ಲ.

ಹೋಗಿ ಮೇಷ್ಟ್ರ ಕಾಲು ಹಿಡಿದೆ. ಅವರು ಬಯ್ಯಲಿಲ್ಲ, ಬಯ್ದಿದ್ದರೆ ಬದುಕಿಕೊಳ್ಳುತ್ತಿದ್ದೆ. "ತಪ್ಪು ನಂದು ಕಣಪ್ಪ. ಬೇಕಾದೋರ ಮನೇಲೂ ಕೆರೀಬೇಕು ಅಂತ ನಿಂಗೆ ಹೇಳ್ಕೊಡಲಿಲ್ಲ" ಎಂದರು.

ಇವತ್ತಿನ ಮನೆಯ ಯಜಮಾನರಿಗೂ ನಾನು ಕೆರೆದದ್ದು ಹಿಡಿಸಲಿಲ್ಲ. "ಎಷ್ಟೋ ಜನ ನೋಡಿದಾರೆ, ಯಾರೂ ಹಿಂಗ್ ಮಾಡಿರ್ಲಿಲ್ಲ" ಎಂದು ಮುಖ ಗಂಟಿಕ್ಕಿದರು. ಮಣ್ಣಿನ ಗೋಡೆ ಎಂದೇ ಬರೆದು, ಅವರಿಗೆ ಓದಿ ಹೇಳಿದೆ. ಆಮೇಲೆ ಅಡುಗೆಮನೆ ಬಾಗಿಲಲ್ಲಿ ನಿಂತು ಅವರ ಹೆಂಡತಿಯನ್ನು ಕೇಳಿದೆ:

"ಅಮ್ಮಾ, ನೀವು ಮಲಗೋದು ಯಾವ ಕೋಣೇಲಿ?"