ಸೀಟಿ ಅಕ್ಕ ಮತ್ತು ಕೆಳಗಿನ ಕೋಣೆಯ ಕಾರು

ಸೀಟಿ ಅಕ್ಕನಿಗೆ ಚಕ್ರವಿರುವ ಯಾವ ವಸ್ತುವನ್ನು ಕಂಡರೂ ಆಗುತ್ತಿರಲಿಲ್ಲ. ಬಸ್ಸಿನ ಕಂಡಕ್ಟರಾಗಿ ಆಯುಷ್ಯ ಸವೆಸಿದವಳು. ಬಾಯಲ್ಲಿ ಕಚ್ಚಿದ ಸೀಟಿಯನ್ನು ಊಟಕ್ಕೆ ಮಾತ್ರ ತೆಗೆಯುತ್ತಾಳೆಂದು ಡಿಪೋದವರು ಇಟ್ಟ ಹೆಸರು ನಿವೃತ್ತಿಯಾದ ಮೇಲೂ ಬಿಡಲಿಲ್ಲ. ಸೀಟಿಯೂ ಕೊರಳಿನ ದಾರದಲ್ಲಿ ಹಾಗೇ ಉಳಿಯಿತು. ನಿಂತು ನಿಂತು ಮೊಣಕಾಲು ಕೈಕೊಟ್ಟಿದ್ದವು. ಮಲಗುವ ಕೋಣೆಯಿದ್ದದ್ದು ಮಹಡಿಯ ಮೇಲೆ. ಪ್ರತಿ ಮೆಟ್ಟಿಲಿಗೂ ಒಮ್ಮೆ ನಿಂತು, ಗಂಡನನ್ನು ಬೈದು, ಮುಂದಿನದಕ್ಕೆ ಕಾಲೆತ್ತುತ್ತಿದ್ದಳು.

ಬೈಯಲು ಕಾರಣವಿತ್ತು. ಕೆಳಗೆ ಬೀದಿಗೆ ತೆರೆದ ಒಳ್ಳೆಯ ಕೋಣೆಯೊಂದಿತ್ತು, ಹಿಂದೆ ಅಂಗಡಿಯಾಗಿದ್ದದ್ದು. ಅಲ್ಲಿ ಅವಳ ಮಂಚ ಬರಬೇಕಿತ್ತು. ಬಂದದ್ದು ಗಂಡ ಗುಜರಿಯಿಂದ ಎಳೆದು ತಂದ ಹಳೇ ಕಾರು. ಅವನು ಅವಳದೇ ಬಸ್ಸಿನ ಡ್ರೈವರಾಗಿದ್ದವನು. ಅವಳು ಒಂದು ಸಲ ಸೀಟಿ ಊದಿದರೆ ನಿಲ್ಲಿಸುವುದು, ಎರಡು ಸಲ ಊದಿದರೆ ಹೊರಡುವುದು. ಬೆಳಗಿನಿಂದ ಸಂಜೆಯವರೆಗೆ ಗಂಡಹೆಂಡಿರ ಮಾತುಕತೆ ಅಷ್ಟೇ. ಮನೆಯಲ್ಲೂ ಅದಕ್ಕಿಂತ ಹೆಚ್ಚೇನೂ ಬೆಳೆಯಲಿಲ್ಲ. ಈಗ ಅದೇ ಮನುಷ್ಯ ಕಾರಿನ ಮುಂದೆ ಮಂಡಿಯೂರಿ ಕೂತು ಅದಕ್ಕೆ ಲಲ್ಲೆ ಹೊಡೆಯುತ್ತಿದ್ದ. ಕಾರಿನ ಬಾಗಿಲ ಕೀಲಿಗೆ ದಿನಾ ಎಣ್ಣೆ ಬಿಡುವವನು ಹೆಂಡತಿಯ ಮೊಣಕಾಲಿಗೆ ಒಂದು ದಿನವೂ ಹಚ್ಚಿದವನಲ್ಲ ಎಂದು ಅವಳು ಅಕ್ಕಪಕ್ಕದವರ ಮುಂದೆಲ್ಲ ಹೇಳಿಕೊಂಡು ಬಂದಳು.

ಆಮೇಲೆ ಅವನಿಗೆ ರ‍್ಯಾಲಿಯ ಹುಚ್ಚು ಹಿಡಿಯಿತು. ಹಳೇ ಕಾರುಗಳೆಲ್ಲ ಸೇರಿ ಬೆಟ್ಟ ಬಯಲು ದಾಟಿ ದಿನಗಟ್ಟಲೆ ಓಡಬೇಕು. ಬೇಗ ಹೋದವರು ಗೆದ್ದರೆಂದಲ್ಲ. ಪ್ರತಿ ನಿಲುಗಡೆಗೂ ಹೇಳಿದ ವೇಳೆಗೆ ಮುಟ್ಟಬೇಕು. ಕಾರಿನಲ್ಲಿ ಇಬ್ಬರು, ಒಬ್ಬ ಹೆಚ್ಚಿಲ್ಲ, ಒಬ್ಬ ಕಡಿಮೆಯಿಲ್ಲ. ಒಬ್ಬರು ಓಡಿಸಿದರೆ ಇನ್ನೊಬ್ಬರು ದಾರಿ ಹೇಳಬೇಕು. ಬರುತ್ತೇನೆಂದಿದ್ದ ಮೆಕ್ಯಾನಿಕ್ ಗೆಳೆಯ ಬೆನ್ನುನೋವೆಂದು ಮಲಗಿಬಿಟ್ಟಾಗ ಗಂಡ ಜೀವನದಲ್ಲಿ ಮೊದಲ ಸಲ ಅವಳಿಗೆ ತಾನೇ ಚಹಾ ಮಾಡಿ ತಂದುಕೊಟ್ಟ.

“ಬರ್ತೀನಿ,” ಎಂದಳು ಸೀಟಿ ಅಕ್ಕ. “ಆದ್ರೆ ಒಂದು ಮಾತು. ಗಾಡಿ ಕೊನೇ ಗೆರೆ ದಾಟ್ತೋ, ಕೋಣೆ ಅದಕ್ಕೇ ಇರ್ಲಿ, ನಾನು ಸಾಯೋ ತನಕ ಮೆಟ್ಟಿಲು ಹತ್ತುತ್ತೀನಿ. ದಾಟ್ಲಿಲ್ವೋ, ಅದು ಹೊರಗೆ, ನನ್ನ ಮಂಚ ಒಳಗೆ.”

ಅವನು ಒಪ್ಪಿದ. ಒಪ್ಪದೆ ಗತಿಯಿರಲಿಲ್ಲ.

ಹೊರಡುವ ಮೈದಾನದಲ್ಲಿ ಟೋಪಿ ಹಾಕಿದ ಅಧ್ಯಕ್ಷರು, ಈ ಓಟದ ಜೀವಾಳವೇ ಸ್ನೇಹ, ಒಬ್ಬರಿಗೊಬ್ಬರು ಆಗುವುದೇ ಇದರ ಸೊಗಸು ಎಂದು ಭಾಷಣ ಬಿಗಿದರು. ಬಸ್ಸಿನಲ್ಲಿ ಜನ ಶಾಪ ಹಾಕುವ ಹಳ್ಳಗಳಿಗೇ ಇವರು ಕೈಯಾರೆ ದುಡ್ಡು ಕೊಟ್ಟು ಬೀಳಲು ಹೊರಟಿದ್ದಾರಲ್ಲ ಎಂದು ಅವಳಿಗೆ ನಗು ಬಂತು. ಪಕ್ಕದ ಕೆಂಪು ಕಾರಿನ ಡಾಕ್ಟರು ಕೈಗವಸು ಸರಿಮಾಡಿಕೊಳ್ಳುತ್ತಾ, ಇವರು ಬಸ್ಸಿನವರಂತೆ ಕಣೇ, ಟಿಕೆಟ್ ಎಲ್ಲಿ ತಗೊಳ್ಳಬೇಕು ಕೇಳು ಎಂದು ಹೆಂಡತಿಗೆ ಹೇಳಿದ್ದು ಇವರಿಗೂ ಕೇಳಿಸಿತು. ಹೆಂಡತಿ ಬಾಯಿಗೆ ಕರವಸ್ತ್ರ ಹಿಡಿದಳು.

ದಾರಿಯುದ್ದಕ್ಕೂ ಜಗಳ. ಡ್ರೈವರನಿಗೆ ರಸ್ತೆಬದಿಯಲ್ಲಿ ಯಾರು ಕೈಯೆತ್ತಿದರೂ ಕಾಲು ಬ್ರೇಕಿನ ಕಡೆ ಸರಿಯುತ್ತಿತ್ತು. “ಅವ್ರು ಟಾಟಾ ಮಾಡ್ತಿರೋದು ಕಣ್ರೀ, ಹತ್ತೋಕೆ ಬರ್ತಿಲ್ಲ,” ಎಂದು ಇವಳು ಹಲ್ಲು ಕಡಿಯುತ್ತಿದ್ದಳು. ಒಂದು ಕವಲಿನಲ್ಲಿ ಅವನು ಎತ್ತ ಎಂದು ಕೇಳಿದಾಗ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಎಡಕ್ಕೆ ಎಂದಿದ್ದರೆ ಮುಗಿಯಿತು, ಕೋಣೆ ಅವಳದು. ಆದರೆ ಅವಳಿದ್ದ ಬಸ್ಸು ಒಂದು ದಿನವೂ ದಾರಿ ತಪ್ಪಿದ್ದಿಲ್ಲ. ಬಲಕ್ಕೆ ಎಂದಳು, ತನ್ನನ್ನೇ ಬೈದುಕೊಂಡು. ಬೆಟ್ಟದ ನೆತ್ತಿಯಲ್ಲಿ ಇಂಜಿನ್ನು ಏದುಸಿರು ಬಿಟ್ಟು ಹಗುರಾಗಿ ಇಳಿಜಾರಿಗೆ ಹೊರಳಿದಾಗ ಗಂಡ ಏನೋ ಗುನುಗಿದ. ಗಾಳಿ ಕಿವಿ ತುಂಬಿತು. ಒಂದು ಗಳಿಗೆ ಅವಳಿಗೂ ಹಿತವೆನಿಸಿತು. ಹಿತವೆನಿಸಿದ್ದಕ್ಕೆ ಮತ್ತಷ್ಟು ಕೋಪ ಬಂತು.

ಕೊನೆಯ ದಿನ ಕಾರು ಸರಿಯಾದ ವೇಳೆಗೇ ಓಡುತ್ತಿತ್ತು. ಗಂಡನ ಮುಖದಲ್ಲಿ ಗೆದ್ದ ಕಳೆ. ಅವಳು ಮೆಟ್ಟಿಲುಗಳನ್ನು ನೆನೆಯುತ್ತಾ ಕೂತಿದ್ದಳು. ತಿರುವು ದಾಟಿದರೆ ಎದುರಿಗೆ ಕೆಂಪು ಕಾರು, ಬಾನೆಟ್ ಎತ್ತಿ ನಿಂತಿತ್ತು. ಡಾಕ್ಟರು, ಅವರ ಹೆಂಡತಿ ಬಿಸಿಲಲ್ಲಿ ನಿಂತಿದ್ದರು. ಅವರು ಕೈಯನ್ನೂ ಎತ್ತಿರಲಿಲ್ಲ. ಕೆಟ್ಟು ನಿಂತ ಬಸ್ಸಿನ ಜನರನ್ನು ಹಿಂದೆ ಬಂದ ಬಸ್ಸು ಹತ್ತಿಸಿಕೊಳ್ಳಬೇಕು. ಸೀಟಿ ಅಕ್ಕ ಆಯುಷ್ಯವಿಡೀ ಮಾಡಿದ್ದು ಅದನ್ನೇ. ಸೀಟಿ ಬಾಯಿಗೆ ಬಂದದ್ದು ಅವಳಿಗೆ ತಿಳಿಯಲೇ ಇಲ್ಲ. ಊದಿದಳು. ಕಾರು ನಿಂತಿತು.

“ಹತ್ತಿ, ಹತ್ತಿ, ಹಿಂದೆ ಜಾಗ ಇದೆ, ಬೇಗ.”

ಅವರು ಹತ್ತಿದರು. ಎರಡು ಸೀಟಿ ಬಿತ್ತು. ಕಾರು ಹೊರಟಿತು. ಡಾಕ್ಟರಿಗೆ ನಿಯಮ ನೆನಪಿತ್ತೋ ಇಲ್ಲವೋ, ದಾರಿಯಲ್ಲಿ ಒಂದು ಮಾತೂ ಆಡಲಿಲ್ಲ.

ಕೊನೆಯ ಗೆರೆಗಿಂತ ಮೊದಲೇ ಕಾರು ತಡೆದ ಅಧ್ಯಕ್ಷರು ಒಳಗೆ ಬಗ್ಗಿ ನೋಡಿದರು. ಕಾರಿನಲ್ಲಿ ನಾಲ್ವರು. ಇಬ್ಬರಿಗಿಂತ ಹೆಚ್ಚು ಮಂದಿ ಕೂತ ಗಾಡಿ ಓಟದಿಂದ ಹೊರಗೆ ಎಂದು ತಣ್ಣಗೆ ತಿಳಿಸಿದರು. ಸ್ನೇಹದ ಮಾತು ಯಾರೂ ಎತ್ತಲಿಲ್ಲ. ಇಳಿದ ಡಾಕ್ಟರು, ನಿಯಮ ನಿಮಗೆ ಗೊತ್ತಿರಬೇಕೆಂದುಕೊಂಡೆವು ಎಂದು ಬಟ್ಟೆ ಕೊಡವಿಕೊಂಡು ನೆರಳಿಗೆ ನಡೆದರು.

ಗಂಡ ಮಾತಿಗೆ ತಪ್ಪಲಿಲ್ಲ. ಕಾರು ಮೆಕ್ಯಾನಿಕ್‌ನ ಶೆಡ್ಡಿಗೆ ಹೋಯಿತು, ಮಂಚ ಕೆಳಗಿಳಿಯಿತು. ನೆಲದಲ್ಲಿ ಎಣ್ಣೆಯ ಕಲೆ ಹಾಗೇ ಇತ್ತು. ಎಷ್ಟು ಉಜ್ಜಿದರೂ ಪೆಟ್ರೋಲಿನ ವಾಸನೆ ಹೋಗಲಿಲ್ಲ. ಊಟದ ತಟ್ಟೆಯನ್ನು ಸದ್ದು ಮಾಡಿ ಇಡುವುದು ಬಿಟ್ಟರೆ ಅವನಿಂದ ಬೇರೆ ಮಾತಿಲ್ಲ. ಕೊನೆಗೊಂದು ಸಂಜೆ ಬಾಗಿಲಲ್ಲಿ ಬಂದು ನಿಂತ.

“ಬೇಕಂತಲೇ ಊದಿದೆ ನೀನು. ಈ ಕೋಣೆಗೋಸ್ಕರ.”

ಬೇಕೆಂದು ಊದುವುದಿದ್ದರೆ ಆ ಕವಲಿನಲ್ಲೇ ಕೆಲಸ ಮುಗಿಸುತ್ತಿದ್ದೆ ಎಂದು ಅವಳು ಹೇಳಬಹುದಿತ್ತು. ಹೇಳಿದರೆ ನಂಬುವವನೂ ಅಲ್ಲ. ಕಾಲು ಚಾಚಿ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾ ಅವನ ಕಡೆ ನೋಡದೆ ಅಂದಳು:

“ಊದಿದ್ದು ನಾನೇ. ಬ್ರೇಕು ತುಳಿದೋರು ಯಾರು?”

ಅವನು ತಿರುಗಿ ಮೆಟ್ಟಿಲು ಹತ್ತತೊಡಗಿದ. ಪ್ರತಿ ಮೆಟ್ಟಿಲಿಗೂ ಒಮ್ಮೆ ನಿಂತು ಏನೋ ಗೊಣಗುತ್ತಿದ್ದ. ಏನೆಂದು ಕೇಳಿಸಿಕೊಳ್ಳುವ ಅಗತ್ಯ ಸೀಟಿ ಅಕ್ಕನಿಗೆ ಇರಲಿಲ್ಲ.