ಗೋದಲಿಗೆ ಜಾಗವಿತ್ತು, ಮಗಳಿಗಿರಲಿಲ್ಲ

ಹೋದ ಡಿಸೆಂಬರ್ ಇಪ್ಪತ್ತೊಂದರಂದು, ಬೆಳಿಗ್ಗೆ ಹತ್ತು ಗಂಟೆಗೆ, ಮಂಡ್ಯದ ಆಸ್ಪತ್ರೆಯಿಂದ ನನಗೆ ಫೋನ್ ಬಂತು. “ಮಾವ, ಫಿಲೋಗೆ ಬಿಪಿ ಏರಿ ಫಿಟ್ಸ್ ಬಂದ್ಬುಡ್ತು. ಆಪರೇಷನ್ ಮಾಡಿ ಮಗ ತಗುದ್ರು. ಎಣ್ಮಗ. ಇವ್ಳು ಕಣ್ಣೇ ಬುಡ್ತಿಲ್ಲ ಮಾವ.” ಅಷ್ಟು ಹೇಳಿ ಅವನು ಅತ್ತುಬಿಟ್ಟ.

ಅವನು ಮಂಜು, ನನ್ನ ಒಬ್ಬಳೇ ಮಗಳು ಫಿಲೋಮಿನಾಳ ಗಂಡ. ಚಿಕ್ಕರಸಿನಕೆರೆಯ ಗೌಡರ ಮನೆಯವನು. ಇಬ್ಬರೂ ನನ್ನ ಮಾತು ಮೀರಿ ರಿಜಿಸ್ಟರ್ ಮದುವೆಯಾಗಿದ್ದರು. ಎರಡು ವರ್ಷದಿಂದ ಅವನು ‘ಮಾವ’ ಎನ್ನುತ್ತಲೇ ಇದ್ದ, ನಾನು ಒಮ್ಮೆಯೂ ಓಗೊಟ್ಟಿರಲಿಲ್ಲ.

ನನ್ನ ಪರಿಚಯ ಹೇಳಿಬಿಡುತ್ತೇನೆ. ಮಳವಳ್ಳಿಯಲ್ಲಿ ಮೇಷ್ಟ್ರಾಗಿದ್ದು ನಿವೃತ್ತನಾದವನು. ಹೆಂಡತಿ ತೀರಿಕೊಂಡು ನಾಲ್ಕು ವರ್ಷ. ಚರ್ಚಿನ ಭಾನುವಾರದ ಪೂಜೆಯಲ್ಲಿ ಬೈಬಲ್ ವಾಚನ ಓದುವುದು ನಾನೇ, ಜಪಸರ ಹೇಳಿಸುವುದೂ ನಾನೇ. ಇದೆಲ್ಲಕ್ಕಿಂತ ಹೆಚ್ಚಾಗಿ, ನಮ್ಮ ಧರ್ಮಕೇಂದ್ರದ ಗೋದಲಿ ಸ್ಪರ್ಧೆಯಲ್ಲಿ ಮೂರು ವರ್ಷ ಸತತ ಮೊದಲ ಬಹುಮಾನ ನನ್ನದು. ಕ್ರಿಸ್ಮಸ್ಸಿಗೆ ಯೇಸುಬಾಲ ಹುಟ್ಟಿದ ಕೊಟ್ಟಿಗೆಯನ್ನು, ಅಂದರೆ ಗೋದಲಿಯನ್ನು, ಮನೆಯಲ್ಲಿ ಕಟ್ಟುವುದು ಎಲ್ಲರಿಗೂ ಗೊತ್ತು. ನಾನು ತಟ್ಟೆಗಳಲ್ಲಿ ರಾಗಿ ಮೊಳಕೆ ಬರಿಸಿ ಹಸಿರು ಮಾಡುತ್ತಿದ್ದೆ, ಹಿಂದುಗಡೆ ಮೋಟರ್ ಇಟ್ಟು ಶಿವನಸಮುದ್ರದ ಜಲಪಾತ ಬೀಳಿಸುತ್ತಿದ್ದೆ. ಬೆತ್ಲೆಹೇಮಿಗೆ ಗಗನಚುಕ್ಕಿ ಹೇಗೆ ಬಂತು ಎಂದು ಯಾವ ಪುಣ್ಯಾತ್ಮನೂ ಕೇಳಲಿಲ್ಲ. ಈ ಸಲ ಗೋದಲಿ ದೊಡ್ಡದಾಗಲಿ ಎಂದು ಫಿಲೋಳ ಕೋಣೆಯ ಮಂಚ ಬಿಚ್ಚಿ ಅಟ್ಟಕ್ಕೆ ಹಾಕಿ, ಕೋಣೆಯ ತುಂಬ ಕಟ್ಟಿದ್ದೆ.

ಡಿಸೆಂಬರ್ ಏಳರಂದು ಪೂಜೆ ಮುಗಿಸಿ ಬಂದರೆ ಬಾಗಿಲಲ್ಲಿ ಫಿಲೋ ನಿಂತಿದ್ದಳು. ಕೈಯಲ್ಲಿ ಬ್ಯಾಗು, ಏಳು ತುಂಬಿದ ಹೊಟ್ಟೆ, ಊದಿದ ಕಾಲು. “ಅಪ್ಪಾ, ಮೊದಲ್ನೇ ಹೆರಿಗೆ ತವರಲ್ಲೇ ಆಗ್ಬೇಕು ಅಂತಾರಲ್ಲ. ಬಂದೆ,” ಎಂದಳು. ನಾನು ಕೋಣೆಯ ಕಡೆ ಕೈ ತೋರಿಸಿ, “ಜಾಗ ಎಲ್ಲಿದೆಯಮ್ಮ? ನೋಡ್ಕೊಳ್ಳೋಕೆ ಹೆಂಗಸ್ರೂ ಇಲ್ಲ. ಹಬ್ಬ ಮುಗೀಲಿ, ನೋಡೋಣ,” ಎಂದೆ. ಅವಳು ಗೋದಲಿಯನ್ನು ಒಂದು ಗಳಿಗೆ ನೋಡಿ, ನೀರೂ ಕುಡಿಯದೆ ಬಸ್‌ಸ್ಟ್ಯಾಂಡಿಗೆ ನಡೆದಳು. ಬ್ಯಾಗು ಹಿಡಿದುಕೊಂಡು ಹೋಗಿ ಬಸ್ಸು ಹತ್ತಿಸಬೇಕು ಎಂದೂ ನನಗೆ ಅನಿಸಲಿಲ್ಲ.

ಮಂಜು ಫೋನ್ ಮಾಡಿದಾಗ ನಾನು ಯೇಸುಬಾಲನ ಗೊಂಬೆ ಒರೆಸುತ್ತಿದ್ದೆ. ಹಬ್ಬದ ಪೂಜೆ ಆಗುವ ತನಕ ಗೋದಲಿಯಲ್ಲಿ ಅದನ್ನು ಮಲಗಿಸುವುದಿಲ್ಲ, ಹುಲ್ಲು ಬರಿದಾಗಿರಬೇಕು. ಗೊಂಬೆಯನ್ನು ಜೇಬಿಗೆ ಹಾಕಿಕೊಂಡು ಹೊರಟೆ. ಮದ್ದೂರಿನಲ್ಲಿ ಬಸ್ಸು ಬದಲಿಸಿದೆ. ಮುಂದೆ ಕಬ್ಬಿನ ಲಾರಿಗಳ ಸಾಲು, ಬಸ್ಸು ತೆವಳುತ್ತಿತ್ತು. ಜಪಸರ ಕೈಯಲ್ಲಿತ್ತು, ಬಾಯಿಗೆ ಒಂದು ಮಂತ್ರವೂ ಬರಲಿಲ್ಲ.

ಫಿಲೋ ವೆಂಟಿಲೇಟರಿನಲ್ಲಿದ್ದಳು. ಮಗು ಗಾಜಿನ ಪೆಟ್ಟಿಗೆಯಲ್ಲಿ, ಒಂದು ಕೆಜಿ ಮುನ್ನೂರು ಗ್ರಾಂ. ಡಾಕ್ಟರಮ್ಮ, “ಮೆದುಳಿಗೆ ಪೆಟ್ಟಾಗಿದೆ. ಇವತ್ತು ಏನೂ ಹೇಳಕ್ಕಾಗಲ್ಲ,” ಎಂದರು. ಮರುದಿನವೂ, ಮೂರನೆಯ ದಿನವೂ ಅದನ್ನೇ ಹೇಳಿದರು.

ಇಪ್ಪತ್ನಾಲ್ಕರ ಮಧ್ಯಾಹ್ನ ಕಾರಿಡಾರಿನ ಬೆಂಚಿನಲ್ಲಿ ಕೂತಿದ್ದೆ. ಪಕ್ಕದಲ್ಲಿ ಮಂಜುವಿನ ತಾಯಿ ಸಣ್ಣತಾಯಮ್ಮ. ನಾನು ವಾಪಸು ಕಳಿಸಿದ ದಿನದಿಂದ ನನ್ನ ಮಗಳಿಗೆ ಬಿಸಿನೀರು ಕಾಯಿಸಿ ಕೊಟ್ಟವರು ಅವರೇ. ಕರ್ಚೀಫು ಎಳೆದುಕೊಳ್ಳುವಾಗ ನನ್ನ ಜೇಬಿನಿಂದ ಗೊಂಬೆ ಬಿತ್ತು. ಅವರು ಎತ್ತಿಕೊಂಡು ಸೆರಗಿನಲ್ಲಿ ಒರೆಸಿದರು.

“ಇದ್ಯಾವ ಗೊಂಬೆ ಮೇಷ್ಟ್ರೇ? ನಾಳೆ ನಿಮ್ದು ಕೇಕ್ ತಿನ್ನೋ ಹಬ್ಬ ಅಲ್ವಾ?”

ಬೇರೆ ಕೆಲಸವಿರಲಿಲ್ಲ, ಕತೆ ಹೇಳಿದೆ. ತುಂಬು ಬಸುರಿ ಮರಿಯಮ್ಮನವರು ಗಂಡನ ಜೊತೆ ದೂರದಿಂದ ನಡೆದು ಬಂದದ್ದು, ಛತ್ರದಲ್ಲಿ ಜಾಗವಿಲ್ಲ ಎಂದದ್ದು, ಕೊಟ್ಟಿಗೆಯಲ್ಲಿ ಹೆತ್ತು ದನ ಮೇಯುವ ಗೋದಲಿಯಲ್ಲಿ ಕೂಸನ್ನು ಮಲಗಿಸಿದ್ದು. ನೂರಾರು ಸಲ ಗಟ್ಟಿಯಾಗಿ ಓದಿದ ಕತೆ. ಸಣ್ಣತಾಯಮ್ಮ ಮೊದಲ ಸಲ ಕೇಳುತ್ತಿದ್ದರು, ಪಕ್ಕದ ಬೀದಿಯಲ್ಲಿ ನಿನ್ನೆ ನಡೆದದ್ದೇನೋ ಎಂಬಂತೆ ಅವರಿಗೆ ಸಿಟ್ಟು ಬಂತು.

“ಅಯ್ಯೋ ಅವ್ರ ಮನೆ ಆಳಾಗ! ಬಸ್ರಿ ಎಂಗ್ಸು ಬಾಗ್ಲಲ್ಲಿ ನಿಂತವ್ಳೆ, ಜಾಗ ಇಲ್ಲ ಅಂದ್ಬುಟ್ರಾ? ಒಂದ್ ಮೂಲೆ ಬುಟ್ಕೊಡಕಾಯ್ತಿರ್ಲಿಲ್ವಾ? ಎಂಥಾ ಮನ್ಸ ಅವ್ನು!”

ಆಮೇಲೆ ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡರು. ಬೇಕೆಂದು ಅಂದದ್ದಲ್ಲ. ಗೊಂಬೆಯನ್ನು ನನ್ನ ಜೇಬಿಗೆ ಮೆಲ್ಲಗೆ ಹಾಕಿದರು.

ನಾನು ಗೋಡೆಯ ಕಡೆ ತಿರುಗಿ ಅತ್ತೆ. ಇಷ್ಟು ವರ್ಷ ಆ ಕತೆಯಲ್ಲಿ ನನ್ನನ್ನು ಕೂಸನ್ನು ನೋಡಲು ಬಂದ ಕುರುಬರ ಜೊತೆಗೋ ಜ್ಞಾನಿಗಳ ಜೊತೆಗೋ ನಿಲ್ಲಿಸಿಕೊಂಡಿದ್ದೆ. ಬಾಗಿಲು ಹಾಕಿಕೊಂಡವನೇ ನಾನಾಗಿದ್ದೆ. ನಾಲ್ಕು ದಿನದಲ್ಲಿ ಮೊದಲ ಸಲ ಪ್ರಾರ್ಥನೆ ಬಂತು, ಒಂದೇ ಸಾಲು: “ಸ್ವಾಮಿ, ಇಲ್ಲ ಅಂದವನು ನಾನೇ. ಇನ್ನೊಂದು ಸಲ ಬಂದು ಕೇಳು.”

ಹಬ್ಬದ ದಿನ ಬೆಳಿಗ್ಗೆ ಹನ್ನೊಂದಕ್ಕೆ ನರ್ಸ್ ಹೊರಗೆ ಬಂದರು. “ಮಗೂನ ಯಾರಾದ್ರೂ ಎದೆಗೆ ಹಾಕ್ಕೋಬೇಕು. ಮೈಗೆ ಮೈ ತಾಗಿ ಶಾಖ ಸಿಗ್ಬೇಕು. ತಾಯಿ ಕೈಲಾಗಲ್ಲ, ಯಾರು ಬರ್ತೀರಿ?” ಮಂಜು ರಕ್ತ ತರಲು ಹೋಗಿದ್ದ. ಸಣ್ಣತಾಯಮ್ಮನಿಗೆ ಕೆಮ್ಮಿತ್ತು, ಒಳಗೆ ಬಿಡುವಂತಿರಲಿಲ್ಲ. ನರ್ಸ್ ನನ್ನನ್ನು ನೋಡಿ, “ತಾತಾ, ಜಾಗ ಇದ್ಯಲ್ಲ, ಶರ್ಟ್ ಬಿಚ್ಚಿ,” ಎಂದರು.

ನಾನು ಗುಂಡಿ ಬಿಚ್ಚತೊಡಗಿದೆ. ಸಣ್ಣತಾಯಮ್ಮ ಜೇಬಿನಿಂದ ಗೊಂಬೆ ತೆಗೆದುಕೊಂಡು, “ಇದ್ನ ನಾನ್ ಮಡಿಕಂಡಿರ್ತೀನಿ, ನೀವ್ ಓಗಿ ಬೀಗ್ರೇ,” ಎಂದರು. ಬೀಗ್ರೇ ಎಂದದ್ದು ಅದೇ ಮೊದಲು. ಒಳಗೆ ನನ್ನ ಎದೆಯ ನರೆಗೂದಲ ಮೇಲೆ ಕೂಸನ್ನು ಮಲಗಿಸಿ ಬಟ್ಟೆ ಕಟ್ಟಿದರು. ಒಂದು ಹಿಡಿ ಜೀವ, ಅದರ ಉಸಿರು ನನ್ನ ಚರ್ಮಕ್ಕೆ ತಾಗುತ್ತಿತ್ತು. ನಾನು ಕೇಳಿದ್ದಕ್ಕೆ ಸ್ವಾಮಿ ಬಂದಿದ್ದ. ನಕ್ಷತ್ರವಿಲ್ಲ, ಜಲಪಾತವಿಲ್ಲ, ಮಾನಿಟರಿನ ಟಿಕ್ ಟಿಕ್ ಸದ್ದು ಮಾತ್ರ. ನನ್ನ ಜೀವಮಾನದ ನಿಜವಾದ ಕ್ರಿಸ್ತಜಯಂತಿ ಅದೊಂದೇ.

ಫಿಲೋ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಬಿಡುತ್ತಾಳೆ ಎಂದು ಯಾರೂ ಹೇಳಲಿಲ್ಲ, ನನಗೂ ನಂಬಿಕೆಯಿರಲಿಲ್ಲ. ಆದರೂ ಇಪ್ಪತ್ತಾರರಂದು ಮಳವಳ್ಳಿಗೆ ಹೋಗಿ, ತೀರ್ಪುಗಾರರು ಬರುವ ಮೊದಲೇ ಗೋದಲಿ ಬಿಚ್ಚಿದೆ. ರಾಗಿ ಪೈರನ್ನು ಪಕ್ಕದ ಮನೆಯ ಹಸುವಿಗೆ ಹಾಕಿದೆ. ಅಟ್ಟದಿಂದ ಮಂಚ ಇಳಿಸಿ, ಯಾರು ಮಲಗುತ್ತಾರೋ ಮಲಗುವುದಿಲ್ಲವೋ ಗೊತ್ತಿಲ್ಲದೆ, ಹಾಸಿಗೆ ಹಾಸಿ ಬಂದೆ.

ಇಪ್ಪತ್ತೆಂಟರ ಮಧ್ಯಾಹ್ನ ಅವಳು ಕಣ್ಣು ಬಿಟ್ಟಳು. ಎಡಗೈ ಇವತ್ತಿಗೂ ಸರಿಯಾಗಿ ಹಿಡಿಯುವುದಿಲ್ಲ, ಮಾತು ತಡೆಯುತ್ತದೆ. ಮಗು ಇನ್ನೂ ಬಡಕಲು. ಎಲ್ಲವೂ ಸರಿಹೋಯಿತು ಎಂದು ಸುಳ್ಳು ಬರೆಯಲಾರೆ. ಕೊಟ್ಟಿಗೆಗಾದರೂ ಬರುವ ದೇವರು ನಮ್ಮವನು, ನನ್ನಂಥವನ ಬಾಗಿಲಿಗೆ ಎರಡನೆಯ ಸಲವೂ ಬಂದ. ಇಷ್ಟನ್ನು ಮಾತ್ರ ಗಟ್ಟಿಯಾಗಿ ನಂಬಿದ್ದೇನೆ.

ಜನವರಿ ಕೊನೆಯಲ್ಲಿ ಮಂಜು ಎಲ್ಲರನ್ನೂ ಮಳವಳ್ಳಿಗೆ ಕರೆತಂದ. ಮಗು ಸಣ್ಣತಾಯಮ್ಮನ ತೋಳಿನಲ್ಲಿ, ಗೊಂಬೆ ಅವರ ಸೆರಗಿನ ಗಂಟಿನಲ್ಲಿ. ಫಿಲೋ ಹೊಸ್ತಿಲಾಚೆ ನಿಂತು ಒಂದೊಂದೇ ಮಾತು ಕೂಡಿಸಿ, “ಅಪ್ಪಾ... ಜಾಗ... ಇದ್ಯಾ?” ಎಂದಳು. ಅಣಕಿಸಿದಳೋ, ನಿಜವಾಗಿ ಕೇಳಿದಳೋ, ತಿಳಿಯಲಿಲ್ಲ. ಅವಳನ್ನೇ ನೋಡುತ್ತ ಬಾಗಿಲಿಗೆ ಅಡ್ಡವಾಗಿಯೇ ನಿಂತುಬಿಟ್ಟೆ.

“ದಾರಿ ಬುಡಿ ಬೀಗ್ರೇ,” ಎಂದರು ಸಣ್ಣತಾಯಮ್ಮ.

ಬಿಟ್ಟೆ. ದೇವರಿಗೆ ಸ್ತೋತ್ರ.