ನೀರು ಕುಡಿಯದೆ ಹೋದವರಿಲ್ಲವಂತೆ

ಹೋದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿ ಸವಿತಾ ಶಹಾಪುರದ ನಮ್ಮ ಮನೆಗೆ ಬಂದಳು. ಈಗ ಅವಳೇ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಅವಳೂ ನಾಲ್ಕಾರು ಗೆಳತಿಯರೂ ಸೇರಿ ಒಂದು ಸೈಕಲ್ ಪ್ರವಾಸ ಏರ್ಪಡಿಸಿದ್ದರು. ಸುರಪುರದಿಂದ ಶಹಾಪುರದವರೆಗೆ, ಡಾಂಬರು ರಸ್ತೆ ಬಿಟ್ಟು, ಕಾಲುವೆ ಏರಿಯ ಮೇಲೆ, ಬಂಡಿ ದಾರಿಯಲ್ಲಿ, ಹಳೆಯ ಗುಡಿ, ಕೋಟೆ, ಬಾವಿಗಳನ್ನು ನೋಡುತ್ತ ಬರುವುದು. ಅದರ ಕರಪತ್ರದ ಕರಡನ್ನು ನನ್ನ ಕೈಗೆ ಕೊಟ್ಟು, "ಸ್ವಲ್ಪ ಕನ್ನಡ ತಿದ್ದಿ ಕೊಡ್ರಿ ಟೀಚರ್" ಎಂದಳು.

ನಿವೃತ್ತಿಯಾಗಿ ವರ್ಷಗಳಾದರೂ ಕೆಂಪು ಪೆನ್ನು ಕೈಗೆ ಬಂದರೆ ನನಗೆ ಇನ್ನೂ ಒಂದು ಹುರುಪು. ಎರಡು ಒತ್ತಕ್ಷರ ತಿದ್ದಿದೆ. 'ವಾಹನಗಳ ಗದ್ದಲವಿಲ್ಲದ ಐತಿಹಾಸಿಕ ಗ್ರಾಮೀಣ ಪಥ' ಎಂಬುದನ್ನು ಓದಿ ಒಳಗೇ ನಕ್ಕೆ. ಆ ದಾರಿಯಲ್ಲಿ ವಾಹನಗಳಿಲ್ಲದಿರುವುದು ಯಾರ ಪುಣ್ಯವೂ ಅಲ್ಲ, ಆ ಕಡೆ ಬಸ್ಸೇ ಬಿಟ್ಟಿಲ್ಲ. ಆಮೇಲೆ ಮೂರನೆಯ ಪುಟ ತಿರುವಿದೆ. ಒಂದು ಮೆಟ್ಟಿಲು ಬಾವಿಯ ಚಿತ್ರ, ಅದರ ಕೆಳಗೆ ಒಂದು ಸಾಲು: 'ಈ ಪುರಾತನ ಬಾವಿಯ ಸಿಹಿನೀರು ಕುಡಿಯದೆ ಮುಂದೆ ಹೋದ ದಾರಿಹೋಕರಿಲ್ಲ.'

ವ್ಯಾಕರಣ ಸರಿಯಾಗಿಯೇ ಇತ್ತು. ಆದರೂ ನನ್ನ ಮೈ ಉರಿಯಿತು.

"ಇದು ಸುಳ್ಳು."

"ಯಾವುದ್ರಿ ಟೀಚರ್?"

"ಕುಡೀದೆ ಹೋದವರು ಅದಾರ."

ಯಾರೆಂದು ಅವಳಿಗೆ ಹೇಳಿದೆ. ನಿಮಗೂ ಪೂರ್ತಿ ಹೇಳಬೇಕು.

ಮೂವತ್ತು ವರ್ಷಗಳ ಮೇಲಾಯಿತು. ಸುರಪುರದ ಒಂದು ಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ. ಗಣಿತ ಕಲಿಸುತ್ತಿದ್ದವರನ್ನು ಇಲ್ಲಿ ಗೌತಮಿ ಎಂದು ಕರೆಯುತ್ತೇನೆ. ನಿಜವಾದ ಹೆಸರು ಅವರ ಸ್ವತ್ತು, ಅದನ್ನು ಕೇಳದೆ ಬಳಸಲಾರೆ. ಯಾದಗಿರಿಯವರು. ತಂದೆ ರೈಲ್ವೆ ಹಳಿ ಕಾಯುವ ಗ್ಯಾಂಗಿನಲ್ಲಿದ್ದರು. ಇಬ್ಬರಿಗೂ ಇಪ್ಪತ್ತೆಂಟರ ವಯಸ್ಸು, ಇಬ್ಬರಿಗೂ ಅಕ್ಕಪಕ್ಕದ ಬಾಡಿಗೆ ಕೋಣೆ, ಇಬ್ಬರಿಗೂ ಭಾನುವಾರವೆಂದರೆ ಬೇಸರ. ಆ ಬೇಸರ ಕಳೆದದ್ದು ಗೌತಮಿಯವರ ಸೈಕಲ್ಲಿನಿಂದ.

ನನಗೆ ಸೈಕಲ್ ಬರುತ್ತಿರಲಿಲ್ಲ. ಶಾಲೆಯ ಮೈದಾನದಲ್ಲಿ ಅವರೇ ಹಿಂದಿನಿಂದ ಹಿಡಿದು ಕಲಿಸಿದರು. ಸುರಪುರ ನೋಡಿದ್ದೀರಲ್ಲ, ಅರ್ಧ ಊರು ಗುಡ್ಡ ಹತ್ತುತ್ತದೆ, ಉಳಿದರ್ಧ ಇಳಿಯುತ್ತದೆ. ನಾನು ಮೊದಲ ಸಲ ಇಳಿಜಾರಿಗೆ ಬಿಟ್ಟಾಗ ಬ್ರೇಕನ್ನು ಮರೆತು "ಟೀಚರ್ರ, ಟೀಚರ್ರ" ಎಂದು ಕೂಗುತ್ತ ಹೋಗಿ ತೊಗರಿ ಹೊಲದಲ್ಲಿ ಬಿದ್ದೆ. ಓಡಿ ಬಂದ ಗೌತಮಿ ಮೊದಲು ನೋಡಿದ್ದು ಸೈಕಲ್ಲಿನ ಚಕ್ರ. "ನಿಮ್ಮ ಮಂಡಿ ತಾನ ಮಾಯ್ತದ್ರಿ, ಇದರ ಕಡ್ಡಿ ಸೊಟ್ಟಾದ್ರ ಮುಂದಿನ ವಾರ ಹೆಂಗ ಹೋಗೂದು?" ಎಂದರು. ನನ್ನ ಬದುಕಿನಲ್ಲಿ ಅಷ್ಟು ಲೆಕ್ಕಾಚಾರದ ಗೆಳತಿ ಮತ್ತೆ ಸಿಗಲಿಲ್ಲ.

ಆಮೇಲೆ ನನಗೊಂದು ಬಾಡಿಗೆ ಸೈಕಲ್ ತೆಗೆದುಕೊಂಡು ಪ್ರತಿ ಭಾನುವಾರ ನಾವು ಕಾಲುವೆ ದಾರಿ ಹಿಡಿಯುತ್ತಿದ್ದೆವು. ಒಂದು ಬದಿಗೆ ಕೃಷ್ಣೆಯ ನೀರು, ಇನ್ನೊಂದು ಬದಿಗೆ ಹೊಸದಾಗಿ ಭತ್ತ ಕಂಡ ಕರಿಮಣ್ಣು. ಸೀರೆಯ ನೆರಿಗೆಯನ್ನು ಎತ್ತಿ ಸಿಕ್ಕಿಸಿ, ಬುತ್ತಿಯ ಗಂಟನ್ನು ಹಿಂದಿನ ಕ್ಯಾರಿಯರಿಗೆ ಕಟ್ಟಿ ಹೊರಟರೆ ಎದುರಿಗೆ ಬರುತ್ತಿದ್ದುದು ಎಮ್ಮೆಗಳು, ಅಪರೂಪಕ್ಕೊಂದು ನೀರಾವರಿ ಜೀಪು. ಹೊಲದಲ್ಲಿ ಕಳೆ ತೆಗೆಯುವ ಹೆಂಗಸರು ನೆಟ್ಟಗೆ ನಿಂತು, "ಎಲ್ಲಿಗಿ ಹೊಂಟೀರಬೇ ಹಂಗ?" ಎಂದು ಕೂಗುತ್ತಿದ್ದರು. "ಎಲ್ಲಿಗೂ ಇಲ್ರಿ, ಸುಮ್ನ" ಎಂದರೆ ಅವರಿಗೆ ಎಲ್ಲಿಲ್ಲದ ನಗು. ಹೆಣ್ಣುಮಕ್ಕಳು ಸುಮ್ಮನೆ ಹೋಗುವುದೆಂದರೇನು!

ಶಹಾಪುರದ ಗುಡ್ಡಸಾಲು ಒಂದು ತಿರುವಿನಲ್ಲಿ ಮಲಗಿದ ಬುದ್ಧನ ಹಾಗೆ ಕಾಣುತ್ತದೆ. ಹಣೆ, ಮೂಗು, ಗದ್ದ, ಎದೆ, ಎಲ್ಲವೂ. ಅಲ್ಲಿಗೆ ಬಂದಾಗ ಗೌತಮಿ ಪ್ರತಿ ಸಲವೂ ಇಳಿದು, ಒಂದು ಗಳಿಗೆ ನಿಂತು, ಮತ್ತೆ ಹತ್ತುತ್ತಿದ್ದರು. ನಾನೂ ಇಳಿಯುತ್ತಿದ್ದೆ, ಮುಖ್ಯವಾಗಿ ಏದುಸಿರು ಬಿಡಲಿಕ್ಕೆ.

ಒಂದು ಭಾನುವಾರ, ಎಳ್ಳಮಾಸಿ ಹಬ್ಬ ಕಳೆದ ಮೇಲೆ, ಏರಿ ಬಿಟ್ಟು ಬಂಡಿ ದಾರಿಗೆ ಇಳಿದೆವು. ಚಾಲುಕ್ಯರ ಕಾಲದ ಬಾವಿಯೊಂದು ಇದೆಯೆಂದು ಯಾರೋ ಹೇಳಿದ್ದರು. ಆ ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಉಳಿದ ಊರಿನವರು ಹಾಯಾಗಿ ಮಲಗಿಬಿಡುತ್ತಾರೆ. ನೀರಿನ ಬಾಟಲಿ ಖಾಲಿಯಾಗಿತ್ತು, ನಾಲಿಗೆ ಒಣಗಿತ್ತು. ಬಾವಿಯ ಕಟ್ಟೆಯ ಮೇಲೆ ತಲೆಗೆ ಬಿಳಿ ಪಟಗ ಸುತ್ತಿದ ಹಿರಿಯರೊಬ್ಬರು ಕೂತಿದ್ದರು. ನಮ್ಮನ್ನು ಕಂಡು ಮುಖ ಅರಳಿಸಿದರು.

"ಬರ್ರಿ ಅಕ್ಕೋರ, ಬರ್ರಿ. ಬಿಸಲಾಗ ಬಂದೀರಿ. ಯಾವೂರ್ರಿ? ಯಾರ ಪೈಕಿ?"

ನಾನು ನಮ್ಮೂರು, ಅಪ್ಪನ ಹೆಸರು, ಮನೆತನ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಹೇಳುವಾಗ ಸಣ್ಣ ಹೆಮ್ಮೆಯೂ ಇತ್ತು, ಈಗ ಮುಚ್ಚಿಟ್ಟು ಏನು ಮಾಡಲಿ? "ಅಯ್ಯ, ನಮ್ಮವರ ಆದ್ರಲ್ರಿ!" ಎಂದರು ಅವರು. ಆಮೇಲೆ ಗೌತಮಿಯವರ ಕಡೆ ತಿರುಗಿದರು.

"ಯಾದಗಿರಿ ಟೇಸನ್ ಹತ್ರ ನಮ್ಮ ಮನಿರಿ. ಅಪ್ಪ ರೈಲ್ವೆ ಗ್ಯಾಂಗಿನಾಗ ಅದಾರ. ನಾವು ಬೌದ್ಧರು," ಎಂದರು ಗೌತಮಿ, ಹಾಜರಿ ಹೇಳಿದಷ್ಟೇ ಸಲೀಸಾಗಿ.

ಹಿರಿಯರು ಗದರಲಿಲ್ಲ. ಮುಖ ಕೂಡ ಗಂಟಿಕ್ಕಲಿಲ್ಲ. ಅದೇ ನಗುವಿನಲ್ಲಿ, "ನೀವು ಇಲ್ಲೇ ಬೇವಿನ ನೆರಳಿಗೆ ಕೂಡ್ರಿ ಅಕ್ಕೋರ. ಮೆಟ್ಟಲಾ ಜಾರ್ತಾವ" ಎಂದರು. ನನ್ನ ಕಡೆ ತಿರುಗಿ, "ನೀವು ಇಳೀರಿ, ನೀರು ಸಕ್ರಿ ಇದ್ದಂಗ ಅದ" ಎಂದರು.

ಅವರು ಬೈದಿದ್ದರೆ ನಾನು ಜಗಳ ಆಡುತ್ತಿದ್ದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಇರಲಿ. ಆವತ್ತು ನಾನು ಮಾಡಿದ್ದು ಇಷ್ಟು: ಇಳಿದೆ. ಮೆಟ್ಟಿಲುಗಳು ಒಣಗಿ ಬಿಸಿಲಿಗೆ ಕಾದಿದ್ದವು. ಬೊಗಸೆ ತುಂಬ ಕುಡಿದೆ, ಮುಖಕ್ಕೆ ಚಿಮುಕಿಸಿಕೊಂಡೆ, ಗೋಡೆಯ ಮೇಲಿನ ಕೆತ್ತನೆಯನ್ನು ಸಹ ಒಮ್ಮೆ ನೋಡಿದೆ. ಮೇಲೆ ಬಂದಾಗ ಹಿರಿಯರು ಒಂದು ತಂಬಿಗೆಯನ್ನು ಎತ್ತರಕ್ಕೆ ಹಿಡಿದು, ಕೈಯೊಡ್ಡಿರೆಂದು ಗೌತಮಿಯವರಿಗೆ ಸನ್ನೆ ಮಾಡುತ್ತಿದ್ದರು. ಗೌತಮಿ ಎರಡೂ ಕೈ ಹಿಂದಕ್ಕೆ ಕಟ್ಟಿ ನಿಂತಿದ್ದರು.

"ನನಗ ನೀರಡಿಕಿ ಇಲ್ರಿ," ಎಂದರು.

ಮತ್ತೆ ಏರಿ ಮುಟ್ಟಿದೆವು. ಅಲ್ಲಿ ಗೌತಮಿ ಸೈಕಲ್ ನಿಲ್ಲಿಸಿ, ಒಣಗಿದ ತುಟಿಗಳನ್ನು ಸೆರಗಿನಿಂದ ಒರೆಸಿಕೊಂಡು, ನನ್ನ ಮುಖ ನೋಡದೆ ಕೇಳಿದರು:

"ಮೆಟ್ಟಲಾ ಭಾಳ ಜಾರ್ತಿದ್ವೇನ್ರಿ?"

"ಹೌದ್ರಿ," ಎಂದೆ ನಾನು. "ಪಾಚಿ ಇತ್ತು."

ಮುಂದಿನ ಭಾನುವಾರ ಪರೀಕ್ಷೆಯ ಪೇಪರು ನೋಡುವುದಿದೆ ಎಂದರು. ಅದರ ಮುಂದಿನ ವಾರ ಊರಿಗೆ ಹೋದರು. ಬೇಸಿಗೆಯಲ್ಲಿ ಗುರುಮಠಕಲ್ ಕಡೆಗೆ ವರ್ಗ ಮಾಡಿಸಿಕೊಂಡರು. ಈಗ ಯಾದಗಿರಿಯಲ್ಲಿದ್ದಾರೆ. ಯುಗಾದಿಗೆ, ಬುದ್ಧ ಪೂರ್ಣಿಮೆಗೆ ಫೋನು ಮಾಡುತ್ತೇವೆ. ಮಂಡಿನೋವು, ಮೊಮ್ಮಕ್ಕಳು ಎಲ್ಲ ಮಾತಾಡುತ್ತೇವೆ. ಬಾವಿಯ ಮಾತು ಒಮ್ಮೆಯೂ ಬಂದಿರಲಿಲ್ಲ.

ಇದನ್ನೆಲ್ಲ ಸವಿತಾಳಿಗೆ ಹೇಳಿ, ಆ ಸಾಲನ್ನು ತೆಗೆದು ನಡೆದದ್ದನ್ನು ಹಾಕು ಎಂದೆ. ಅವಳ ಮುಖ ಸಣ್ಣದಾಯಿತು. "ಟೀಚರ್, ಬರೋರು ಖುಷಿ ಪಡಾಕ ಬರ್ತಾರ. ಊರವರೂ ಬ್ಯಾಸರ ಮಾಡ್ಕೋತಾರ. ಆ ಸಾಲ ಕಿತ್ತ ಹಾಕ್ತೀನಿ ಬಿಡ್ರಿ. ಬರೇ 'ಪುರಾತನ ಬಾವಿ' ಅಂತಿರ್ಲಿ," ಎಂದಳು. ಸುಳ್ಳಿಗಿಂತಲೂ ಈ ಮಾತು ನನ್ನನ್ನು ಹೆಚ್ಚು ಕೆರಳಿಸಿತು. ಒರೆಸಿಬಿಟ್ಟರೆ ಎಲ್ಲರಿಗೂ ಎಷ್ಟು ಸುಲಭ!

ಅದೇ ಸಿಟ್ಟಿನಲ್ಲಿ ಗೌತಮಿಯವರಿಗೆ ಫೋನು ಮಾಡಿದೆ. ಕರಪತ್ರ, ಸವಿತಾ, ಊರು, ಎಲ್ಲರನ್ನೂ ಬೈದೆ. ನಾನು ಬಿಡುವುದಿಲ್ಲ, ಪ್ರವಾಸದ ದಿನ ಬಾವಿಯ ಹತ್ತಿರವೇ ನಿಂತು ನಿಮ್ಮ ಪರವಾಗಿ ಹೇಳುತ್ತೇನೆ ಎಂದೆ.

"ಇಷ್ಟ ವರ್ಷದ ಮ್ಯಾಲ ನನ್ನ ಪರವಾಗಿ ಸಿಟ್ಟ ಮಾಡಾಕತ್ತೀರಿ?" ಎಂದರು. ಧ್ವನಿ ತಣ್ಣಗಿತ್ತು. "ನನ್ನ ಸಿಟ್ಟ ನನ್ನ ಹತ್ರ ಅದ್ರಿ, ಒಂದಿನಾನೂ ಕಮ್ಮಿ ಆಗಿಲ್ಲ. ಆ ಮುದುಕ ನನಗ ಹೊಸಬ ಏನಲ್ಲ. ಅಂಥವರನ್ನ ಭಾಳ ಮಂದಿ ನೋಡೇನಿ. ಪಾಚಿ ಇತ್ತು ಅಂದವರು ನೀವು."

ಅವರೇ ಮುಂದುವರಿಸಿದರು.

"ಹೇಳೂದಿದ್ರ ನಿಮ್ಮ ಮಾತ ಹೇಳ್ರಿ. ನನ್ನದು ಬ್ಯಾಡ," ಎಂದು ಫೋನು ಇಟ್ಟರು.

ಎರಡು ದಿನ ನಾನು ಅವರ ಮೇಲೂ ಸಿಟ್ಟಾದೆ. ಮೂರನೆಯ ದಿನ ಸಿಟ್ಟಿಗೆ ಹೋಗಲು ಬೇರೆ ಮನೆ ಉಳಿದಿರಲಿಲ್ಲ. ನನ್ನ ಹತ್ತಿರವೇ ಬಂದು ಕೂತಿತು.

ಪ್ರವಾಸದ ದಿನ ಆಟೊ ಹಿಡಿದು ಆ ಊರಿಗೆ ಹೋದೆ, ಮಂಡಿ ಈಗ ಸೈಕಲ್ ಒಪ್ಪುವುದಿಲ್ಲ. ಬಾವಿ ಸುತ್ತ ಕಸ ಗುಡಿಸಿ ರಂಗೋಲಿ ಹಾಕಿದ್ದರು. ಇಪ್ಪತ್ತು ಜನ ಸವಾರರು ತಲೆಗೆ ಶಿರಸ್ತ್ರಾಣ ಹಾಕಿಕೊಂಡು, ತಮ್ಮ ತಮ್ಮ ಬಾಟಲಿಯ ನೀರು ಕುಡಿಯುತ್ತ ಫೋಟೊ ತೆಗೆಯುತ್ತಿದ್ದರು. ಸವಿತಾ ನನ್ನನ್ನು ಕಂಡು ಗಾಬರಿಯಾದಳು, ಆದರೆ ತಡೆಯಲಿಲ್ಲ. "ನಮ್ಮ ಟೀಚರ್ ಎರಡು ಮಾತು ಹೇಳ್ತಾರ" ಎಂದಳು. ಆ ಮಾತಿಗಾಗಿ ಅವಳ ಉಳಿದ ತಪ್ಪುಗಳನ್ನು ಕ್ಷಮಿಸಿದ್ದೇನೆ.

ನಡೆದದ್ದನ್ನು ಹೇಳಿದೆ. ಹಿರಿಯರ ನಗು, ಒಣಗಿದ ಮೆಟ್ಟಿಲು, ತಂಬಿಗೆ, ನನ್ನ ಬೊಗಸೆ, ಕೊನೆಗೆ ಪಾಚಿ. ಊರಿನವರೊಬ್ಬರು, "ಹಳೇ ಮಾತ ಯಾಕ್ರಿ ಅಕ್ಕೋರ, ಈಗ ಯಾರ ಹಂಗ ಮಾಡ್ತಾರ?" ಎಂದು ಗೊಣಗಿದರು. ಗುಂಪಿನ ಹಿಂದೆ ನಿಂತಿದ್ದ ಇಬ್ಬರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೊರಟುಹೋದರು. ಅವರು ಊರ ಹೊರಗಿನ ಕೇರಿಯ ಕಡೆ ತಿರುಗಿದ್ದನ್ನು ನಾನು ನೋಡಿದೆ. ಗೊಣಗಿದವರೂ ನೋಡಿದರು.

ಸವಾರರಲ್ಲಿ ಒಬ್ಬಾಕೆ ಕಣ್ಣೊರೆಸಿಕೊಂಡು ಪುಸ್ತಕ ತೆಗೆದರು. "ಆ ಟೀಚರ್ ಹೆಸರು ಹೇಳ್ತೀರಾ? ಬರ್ಕೊಳ್ತೀನಿ."

"ಅವರದು ಬ್ಯಾಡ," ಎಂದೆ. "ನೀರು ಕುಡದಾಕಿ ಹೆಸರ ಬರಕೊಳ್ರಿ."

ಅಪ್ಪನ ಹೆಸರು, ಮನೆತನ ಏನನ್ನೂ ಸೇರಿಸದೆ, ನನ್ನ ಹೆಸರೊಂದನ್ನೇ ಹೇಳಿದೆ.